ಸಿಸ್ಟಂ.ಮ್ಯಾನೇಜ್‌ಮೆಂಟ್ ಲೈಬ್ರರಿ: ವಿವರ ಸುಲಭವಾಗಿ ಸಿಗುತ್ತದೆ, ಬಿಡುಗಡೆಯೇ ಕಷ್ಟ

ವಿಂಡೋಸ್ ಯಂತ್ರದ ಡಿಸ್ಕ್, ಪ್ರೊಸೆಸ್, ಸರ್ವಿಸ್‌ಗಳ ವಿವರವನ್ನು ಡಾಟ್‌ನೆಟ್ (ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆ) ಪ್ರೋಗ್ರಾಮಿನೊಳಗೆ ಪಡೆಯಲು ಸಿಸ್ಟಂ.ಮ್ಯಾನೇಜ್‌ಮೆಂಟ್ ಲೈಬ್ರರಿಯಷ್ಟು ಸರಳವಾದ ದಾರಿಗಳು ಕಡಿಮೆ. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್ ಹೋಲುವ ಒಂದು ಸಾಲಿನ ಕ್ವೆರಿಯನ್ನು ಲೈಬ್ರರಿಯ ಹುಡುಕುವ ಕ್ಲಾಸಾದ ಸರ್ಚರ್‌ಗೆ ಕೊಟ್ಟರೆ ಸಾಕು, ವಿಂಡೋಸ್‌ನ ನಿರ್ವಹಣಾ ಮಾಹಿತಿ ವ್ಯವಸ್ಥೆಯಾದ ಡಬ್ಲ್ಯೂಎಂಐ ಉತ್ತರ ತಂದುಕೊಡುತ್ತದೆ. ಈ ಅನುಕೂಲದ ಬಗ್ಗೆ ನನ್ನ ಮೆಚ್ಚುಗೆ ಇಂದಿಗೂ ಕುಂದಿಲ್ಲ; ಆದರೆ ಪಡೆದದ್ದು ಹಿಡಿದುಕೊಂಡ ಮೆಮೊರಿಯನ್ನು ಬಿಡುಗಡೆ ಮಾಡುವ ವಿಷಯದಲ್ಲಿ ಇದರ ವಿನ್ಯಾಸ ನಮಗೆ ನೆರವಾಗುವುದಿಲ್ಲ.

ಉತ್ತರವಾಗಿ ನಮಗೆ ಕಾಣುವ ಪ್ರತಿಯೊಂದು ಮ್ಯಾನೇಜ್‌ಮೆಂಟ್‌ಆಬ್ಜೆಕ್ಟ್ ತನ್ನೊಳಗೆ ಒಂದು ಕಾಮ್ (ಡಾಟ್‌ನೆಟ್‌ನ ಹೊರಗಿನ, ವಿಂಡೋಸ್‌ನ ಕಾಂಪೊನೆಂಟ್ ವ್ಯವಸ್ಥೆ) ಆಬ್ಜೆಕ್ಟನ್ನು ಹಿಡಿದುಕೊಂಡಿರುತ್ತದೆ. ಬಳಕೆ ಮುಗಿದ ಮೆಮೊರಿಯನ್ನು ತಾನಾಗಿ ತೆರವುಗೊಳಿಸುವ ಗಾರ್ಬೇಜ್ ಕಲೆಕ್ಟರಿನ ಲೆಕ್ಕಕ್ಕೆ ಸಿಗುವುದು ಹೊರಗಿನ ಚಿಕ್ಕ ಹೊದಿಕೆ ಮಾತ್ರವಾದ್ದರಿಂದ, ಒಳಗಿನ ಮೆಮೊರಿ ಎಷ್ಟೇ ಬೆಳೆದರೂ ಅದಕ್ಕೆ ಅವಸರವಿರುವುದಿಲ್ಲ. ಪ್ರತಿ ನಿಮಿಷವೂ ಪ್ರೊಸೆಸ್ ಪಟ್ಟಿ ಓದುತ್ತಿದ್ದ ನನ್ನದೊಂದು ಸರ್ವಿಸ್ ದಿನದಿಂದ ದಿನಕ್ಕೆ ಮೆಮೊರಿ ನುಂಗುತ್ತಾ ಹೋದಾಗಲೇ ಇದು ನನಗೆ ಮನದಟ್ಟಾದದ್ದು. ನಾನು ಸರ್ಚರ್‌ಗೆ ಮಾತ್ರ ಯೂಸಿಂಗ್ (ಬಳಕೆ ಮುಗಿದೊಡನೆ ಡಿಸ್ಪೋಸ್ ಎಂಬ ಬಿಡುಗಡೆಯ ಮೆಥಡನ್ನು ತಾನೇ ಕರೆಯುವ ಹೇಳಿಕೆ) ಬರೆದಿದ್ದೆ. ಅದರ ಗೆಟ್ ಮೆಥಡ್ ಮರಳಿಸುವ ಕಲೆಕ್ಷನ್ನಿಗೂ, ಕಲೆಕ್ಷನ್ನಿನ ಒಂದೊಂದು ಆಬ್ಜೆಕ್ಟಿಗೂ ಬೇರೆಬೇರೆಯಾಗಿ ಡಿಸ್ಪೋಸ್ ಬೇಕು. ಪಟ್ಟಿಯನ್ನು ಒಂದೊಂದಾಗಿ ಓದುವ ಫೋರ್‌ಈಚ್ ಲೂಪು ತನ್ನ ಎನ್ಯೂಮರೇಟರನ್ನು (ಓದುವ ಸಾಧನ) ತಾನೇ ಬಿಡುಗಡೆ ಮಾಡುತ್ತದೆಯೇ ಹೊರತು ಅದು ನಮ್ಮ ಕೈಗಿತ್ತ ಆಬ್ಜೆಕ್ಟುಗಳನ್ನಲ್ಲ.

ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಮ್ಯಾನೇಜ್‌ಮೆಂಟ್‌ಆಬ್ಜೆಕ್ಟಿನ ಮೂಲವಾದ ಮ್ಯಾನೇಜ್‌ಮೆಂಟ್‌ಬೇಸ್‌ಆಬ್ಜೆಕ್ಟ್ ಕ್ಲಾಸು ತನ್ನ ಮೂಲವಾದ ಕಾಂಪೊನೆಂಟ್ ಕ್ಲಾಸಿನ ಡಿಸ್ಪೋಸನ್ನು ಓವರ್‌ರೈಡ್ ಮಾಡದೆ (ಬದಲಿಸದೆ), ‘ನ್ಯೂ’ ಎಂದು ಘೋಷಿಸಿದ ತನ್ನದೇ ಡಿಸ್ಪೋಸಿನಿಂದ ಅದನ್ನು ಮರೆಮಾಡುತ್ತದೆ. ಸಿ ಶಾರ್ಪ್‌ನ ಯೂಸಿಂಗ್ ಕರೆಯುವುದು ಡಿಸ್ಪೋಸ್ ಇದೆ ಎಂದು ಸಾರುವ ಐಡಿಸ್ಪೋಸಬಲ್ ಇಂಟರ್‌ಫೇಸಿನ ಮೂಲಕವಾದ್ದರಿಂದ ಆ ಕರೆ ಕಾಂಪೊನೆಂಟ್ ಕ್ಲಾಸಿನ ಡಿಸ್ಪೋಸಿಗೆ ಹೋಗುತ್ತದೆ, ಒಳಗಿನ ಕಾಮ್ ಆಬ್ಜೆಕ್ಟು ಗಾರ್ಬೇಜ್ ಕಲೆಕ್ಟರ್ ಬರುವವರೆಗೆ ಹಾಗೆಯೇ ಉಳಿಯುತ್ತದೆ. ನೋಡುವವರಿಗೆ ಕೋಡ್ ಅಚ್ಚುಕಟ್ಟಾಗಿ ಕಾಣುವುದರಿಂದ ರಿವ್ಯೂನಲ್ಲಿಯೂ ಈ ದೋಷ ಕಣ್ಣಿಗೆ ಬೀಳುವುದಿಲ್ಲ, ನನ್ನನ್ನು ಹೆಚ್ಚು ಕಾಡುವುದು ಇದೇ. ಆದ್ದರಿಂದ ಲೂಪಿನೊಳಗೆ ಟ್ರೈ ಮತ್ತು ಫೈನಲಿ (ನಡುವೆ ದೋಷ ಬಂದರೂ ಕೊನೆಯಲ್ಲಿ ಓಡುವ ಭಾಗ) ಬರೆದು, ಮ್ಯಾನೇಜ್‌ಮೆಂಟ್‌ಆಬ್ಜೆಕ್ಟ್ ಎಂದೇ ಘೋಷಿಸಿದ ವೇರಿಯಬಲ್ ಮೇಲೆ ನೇರವಾಗಿ ಡಿಸ್ಪೋಸ್ ಕರೆಯುವ ಕ್ರಮವನ್ನು ಪಾಲಿಸುತ್ತಿದ್ದೇನೆ.

ಕಲೆಕ್ಷನ್ನಿನ ಕೌಂಟ್ ಪ್ರಾಪರ್ಟಿ ಎಣಿಕೆಗಾಗಿ ಇಡೀ ಪಟ್ಟಿಯನ್ನು ಓದಿಬಿಡುತ್ತದೆ, ಅನಿವಾರ್ಯವಲ್ಲದಿದ್ದರೆ ಅದನ್ನು ಬಳಸದಿರುವುದು ಲೇಸು. ಫಲಿತಾಂಶವನ್ನು ಒಮ್ಮೆ ಮಾತ್ರ ಓದುವುದಾದರೆ ಎನ್ಯೂಮರೇಷನ್‌ಆಪ್ಷನ್ಸ್‌ನಲ್ಲಿ ರಿವೈಂಡಬಲ್ (ಮತ್ತೆ ಮೊದಲಿನಿಂದ ಓದುವ ಅವಕಾಶ) ಅನ್ನು ಫಾಲ್ಸ್ ಮಾಡಬಹುದು. ಘಟನೆಗಳಿಗಾಗಿ ಕಾಯುವ ಮ್ಯಾನೇಜ್‌ಮೆಂಟ್‌ಈವೆಂಟ್‌ವಾಚರ್ ಬಳಸುವವರು ಡಿಸ್ಪೋಸಿಗೂ ಮೊದಲು ಸ್ಟಾಪ್ ಕರೆದು ಚಂದಾದಾರಿಕೆಯನ್ನು ರದ್ದುಪಡಿಸಬೇಕು.

ಒಮ್ಮೆ ಓಡಿ ಮುಗಿಯುವ ಸಣ್ಣ ಪ್ರೋಗ್ರಾಮುಗಳಿಗೆ ಈ ಲೈಬ್ರರಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ತಿಂಗಳುಗಟ್ಟಲೆ ಓಡಬೇಕಾದ ಸರ್ವಿಸನ್ನು ಹೊಸದಾಗಿ ಬರೆಯುವವರು ಇದೇ ಕೆಲಸದ ಇನ್ನೊಂದು ಲೈಬ್ರರಿಯಾದ ಮೈಕ್ರೋಸಾಫ್ಟ್.ಮ್ಯಾನೇಜ್‌ಮೆಂಟ್.ಇನ್‌ಫ್ರಾಸ್ಟ್ರಕ್ಚರ್‌ನ ಸಿಮ್‌ಸೆಷನ್ ಅನ್ನೂ ಪರಿಶೀಲಿಸಲಿ. ಅಲ್ಲಿಯೂ ಸೆಷನ್ನಿಗೆ ಮತ್ತು ಅದು ಮರಳಿಸುವ ಪ್ರತಿಯೊಂದು ಸಿಮ್‌ಇನ್‌ಸ್ಟನ್ಸ್‌ಗೆ ಡಿಸ್ಪೋಸ್ ಕರೆಯಲೇಬೇಕು.