ಈರುಳ್ಳಿ ಬೇರಿನ ಸ್ಲೈಡ್ ಪೆಟ್ಟಿಗೆ: ಒಂದು ತಿಂಗಳು ಬಳಸಿದ ಮೇಲೆ

ಬಾಗಲಕೋಟೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಜುಲೈಯಲ್ಲಿ ಬೆಳಗಾವಿಗೆ ಹೋದಾಗ ಪ್ರಯೋಗಾಲಯ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಕೋಶ ವಿಭಜನೆಯ ನಾಲ್ಕು ಹಂತಗಳನ್ನು (ಕ್ರಮವಾಗಿ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್) ತೋರಿಸುವ ನಾಲ್ಕು ಸ್ಲೈಡುಗಳ ಮರದ ಪೆಟ್ಟಿಗೆಯನ್ನು 640 ರೂಪಾಯಿಗೆ ಕೊಂಡೆ. ನಾಲ್ಕೂ ಈರುಳ್ಳಿ ಬೇರಿನ ತುದಿಯವು.

ಮೆಟಾಫೇಸ್ ಸ್ಲೈಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಕ್ರೋಮೊಸೋಮುಗಳು (ಡಿಎನ್‌ಎ ಹೊತ್ತ ವರ್ಣತಂತುಗಳು) ಕೋಶದ ನಟ್ಟನಡುವೆ ಸಾಲುಗಟ್ಟಿ ನಿಂತಿರುವುದು ಮೊದಲ ನೋಟಕ್ಕೇ ಕಾಣುತ್ತದೆ. ಪಕ್ಕದಿಂದ ನೋಡುವುದರಿಂದ ಈರುಳ್ಳಿಯ ಹದಿನಾರು ಕ್ರೋಮೊಸೋಮುಗಳನ್ನೂ ಎಣಿಸಲಾಗದು, ಅದು ಸ್ಲೈಡಿನ ದೋಷವಲ್ಲ. ಕೋಶದ ಎರಡೂ ಧ್ರುವಗಳಿಂದ, ಅಂದರೆ ತುದಿಗಳಿಂದ, ಬಂದ ಎಳೆಗಳು ಪ್ರತಿಯೊಂದು ಕ್ರೋಮೊಸೋಮನ್ನೂ ಹಿಡಿಯುವ ತನಕ ಕೋಶ ಕಾಯುತ್ತದೆ ಎಂದಾಗ ತರಗತಿ ನಿಶ್ಶಬ್ದವಾಯಿತು. ಕಾಲೇಜಿನ ಗೇಟಿನ ಬಳಿ ಬೆಳೆದಿರುವ ನಿತ್ಯಪುಷ್ಪವನ್ನು ತೋರಿಸಿದೆ. ಆ ಗಿಡದಲ್ಲಿ ದೊರೆಯುವ ವಿನ್‌ಕ್ರಿಸ್ಟಿನ್ ಎಂಬ ಔಷಧ ಈ ಎಳೆಗಳು ಕಟ್ಟಿಕೊಳ್ಳದಂತೆ ತಡೆದು, ಕ್ಯಾನ್ಸರ್ ಕೋಶಗಳನ್ನು ಇದೇ ಹಂತದಲ್ಲಿ ನಿಲ್ಲಿಸುತ್ತದೆ.

ಪ್ರೊಫೇಸ್‌ಗೆ ಬಣ್ಣ ಹೆಚ್ಚಾಗಿದೆ, ನೂಲಿನ ಉಂಡೆಯಂತೆ ಕಾಣುತ್ತದೆ. ಟೆಲೊಫೇಸ್ ಚೆನ್ನಾಗಿದೆ: ಎರಡು ಕೋಶಕೇಂದ್ರಗಳ ನಡುವೆ ಹೊಸ ಭಿತ್ತಿ ಒಳಗಿನಿಂದ ಅಂಚಿನತ್ತ ಬೆಳೆಯುತ್ತಿರುವುದು ಗೊತ್ತಾಗುತ್ತದೆ.

ಬೇಸರ ತಂದದ್ದು ಅನಾಫೇಸ್. ಚೀಟಿಯಲ್ಲಿ ಅನಾಫೇಸ್ ಎಂದಿದ್ದರೂ ಸ್ಲೈಡಿನ ತುಂಬ ಮೆಟಾಫೇಸ್ ಕೋಶಗಳೇ. ಅರ್ಧ ಗಂಟೆ ಹುಡುಕಿ ಎರಡನ್ನು ಕಂಡೆ. ಬೇಗ ಮುಗಿದುಹೋಗುವ ಹಂತವಾದ್ದರಿಂದಲೇ ತಯಾರಕರು ಹೆಚ್ಚು ಎಚ್ಚರ ವಹಿಸಬೇಕಿತ್ತು. ಪ್ರತಿ ಕ್ರೋಮೊಸೋಮಿನ ಎರಡು ಪ್ರತಿಗಳು ಬೇರ್ಪಟ್ಟು ಎದುರುಬದುರಾಗಿ ಸರಿಯುವ ಕ್ಷಣ ಅದು. ಇಂಥ ಬೇರ್ಪಡುವಿಕೆ ಮಿಯಾಸಿಸ್‌ನಲ್ಲಿ (ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವ ವಿಭಜನೆಯಲ್ಲಿ) ತಪ್ಪಿದರೆ, ಮಗುವಿನಲ್ಲಿ 21ನೆಯ ಕ್ರೋಮೊಸೋಮ್ ಮೂರಾಗಿ ಡೌನ್ ಸಿಂಡ್ರೋಮ್ ಉಂಟಾಗಬಹುದು. ಇದನ್ನು ಮಕ್ಕಳು ಕಣ್ಣಾರೆ ನೋಡದೆ ಬರೀ ಚಿತ್ರ ಬಿಡಿಸಿ ಅಂಕ ಪಡೆದರೆ ನನಗೆ ಸಮಾಧಾನವಾಗದು. ಅಂಗಡಿಯವರಿಗೆ ಮೊಬೈಲಿನಲ್ಲಿ ಫೋಟೋ ಕಳುಹಿಸಿದೆ. ವಾದ ಮಾಡದೆ ಒಂದು ವಾರದಲ್ಲಿ ಬೇರೆ ಸ್ಲೈಡ್ ಕಳುಹಿಸಿದರು, ಈ ಬಾರಿ ಸರಿಯಾದದ್ದು.

ಒಂದು ಮಾತನ್ನು ಮಾತ್ರ ಒಪ್ಪಲಾರೆ. ಪೆಟ್ಟಿಗೆಯೊಳಗಿನ ಕರಪತ್ರ ಇಂಟರ್‌ಫೇಸನ್ನು, ಅಂದರೆ ಎರಡು ವಿಭಜನೆಗಳ ನಡುವಿನ ಅವಧಿಯನ್ನು, 'ವಿಶ್ರಾಂತಿಯ ಹಂತ' ಎನ್ನುತ್ತದೆ, ಅದಕ್ಕೆಂದು ಸ್ಲೈಡನ್ನೂ ಕೊಟ್ಟಿಲ್ಲ. ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕೆಂದರೆ, ಕಣ್ಣಿಗೆ ಕಾಣುವ ವಿಭಜನೆ ನಡೆಯುವುದು ಅದರಲ್ಲಿ ಒಂದೇ ಗಂಟೆ. ಉಳಿದ ಹೊತ್ತಿನಲ್ಲಿ ಕೋಶ ಬೆಳೆಯುತ್ತದೆ, ಡಿಎನ್‌ಎಯನ್ನು ಇಮ್ಮಡಿ ಮಾಡಿಕೊಳ್ಳುತ್ತದೆ, ನಕಲಿನ ತಪ್ಪುಗಳನ್ನು ತಿದ್ದುತ್ತದೆ. ಇಷ್ಟು ದುಡಿಯುವ ಹಂತಕ್ಕೆ ವಿಶ್ರಾಂತಿ ಎಂಬ ಹೆಸರೇ? ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದೇನೆ. ಅದೃಷ್ಟಕ್ಕೆ ಇಂಟರ್‌ಫೇಸ್ ಕೋಶಗಳು ನಾಲ್ಕೂ ಸ್ಲೈಡುಗಳಲ್ಲಿ ಧಾರಾಳವಾಗಿವೆ, ಅಲ್ಲಿಯೇ ತೋರಿಸುತ್ತೇನೆ.

ಕೊಳ್ಳುವವರಿಗೆ: 40 ಪಟ್ಟಿನ ಮಸೂರವಿಲ್ಲದ ಸೂಕ್ಷ್ಮದರ್ಶಕಕ್ಕೆ ಈ ಪೆಟ್ಟಿಗೆ ಬೇಡ. ಅಂಗಡಿಯಲ್ಲಿಯೇ ಅನಾಫೇಸ್ ಸ್ಲೈಡನ್ನು ನೋಡಿ ತೆಗೆದುಕೊಳ್ಳಿ. ನಾವಂತೂ ಈ ವಾರ ಬಸವನ ಬಾಗೇವಾಡಿಯ ಉಳ್ಳಾಗಡ್ಡಿಗಳನ್ನು ನೀರಿನ ಲೋಟಗಳ ಮೇಲೆ ಕೂರಿಸಿದ್ದೇವೆ. ಬೇರು ಎರಡು ಸೆಂಟಿಮೀಟರ್ ಬೆಳೆದ ಕೂಡಲೇ ಬೆಳಿಗ್ಗೆ ತುದಿಗಳನ್ನು ಕತ್ತರಿಸಿ, ಅಸಿಟೊಕಾರ್ಮಿನ್ ಎಂಬ ಬಣ್ಣ ಹಾಕಿ ನಮ್ಮದೇ ಸ್ಲೈಡುಗಳನ್ನು ಮಾಡಲಿದ್ದೇವೆ.