ಮೋಟಾರ್‌ಹೋಮ್ ಕಿಟಕಿಗೆ ರೋಲರ್ ಶೇಡ್, ಖಣದ ವ್ಯಾಲೆನ್ಸ್: ಮೂರು ವರ್ಷದ ಬಳಕೆ

ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ನಮ್ಮದು 28 ಅಡಿಯ, 2006ರ ಕ್ಲಾಸ್ ಸಿ ಮೋಟಾರ್‌ಹೋಮ್, ಅಂದರೆ ವ್ಯಾನ್ ಅಥವಾ ಟ್ರಕ್ ಚಾಸಿಸ್ ಮೇಲೆ ಕಟ್ಟಿದ ಓಡಾಡುವ ಮನೆ, ಸೆಕೆಂಡ್ ಹ್ಯಾಂಡ್. ಎಂಜಿನ್ ಚೆನ್ನಾಗಿತ್ತು, ಒಳಗೆ ಕಾಲಿಟ್ಟರೆ ಮಾತ್ರ ಮಂಕು. ಕಿಟಕಿಗಳ ಮೇಲೆ ಕಂದು ಬಟ್ಟೆ ಹೊದಿಸಿದ ದಪ್ಪ ವ್ಯಾಲೆನ್ಸ್, ಅಂದರೆ ಪರದೆ ಕಂಬಿ ಮುಚ್ಚುವ ಪೆಟ್ಟಿಗೆ. ಮುಟ್ಟಿದರೆ ಸಾಕು, ಒಳಗಿನ ಫೋಮ್ ಪುಡಿಯಾಗಿ ಊಟದ ಮೇಜಿನ ಮೇಲೆ ಉದುರುತ್ತಿತ್ತು. ನೆರಿಗೆ ಶೇಡ್‌ಗಳ ದಾರವೂ ಎರಡು ಕಡೆ ಹರಿದಿತ್ತು.

ಐದು ಕಿಟಕಿಗೂ ದಾರವಿಲ್ಲದ ಬ್ಲ್ಯಾಕ್‌ಔಟ್ ರೋಲರ್ ಶೇಡ್, ಅಂದರೆ ಬೆಳಕು ತಡೆಯುವ, ಸುತ್ತಿಕೊಳ್ಳುವ ಪರದೆ ಹಾಕಿಸಿದೆವು. ಮತ್ತೆ ಕೊಳ್ಳಬೇಕಾದರೂ ಇವನ್ನೇ ಕೊಳ್ಳುತ್ತೇನೆ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಬೆಳಗ್ಗೆ ಏಳರವರೆಗೂ ಮಕ್ಕಳು ಏಳಲಿಲ್ಲ, ಅಷ್ಟು ಕತ್ತಲೆ. ಆದರೆ ಬಟ್ಟೆ ಬ್ರಾಕೆಟ್‌ಗಿಂತ ಸ್ವಲ್ಪ ಕಿರಿದು, ಹಾಗಾಗಿ ಎರಡೂ ಅಂಚಲ್ಲಿ ಬೆಳಕು ನುಸುಳುತ್ತದೆ. ಕಿಟಕಿಗಿಂತ ಎರಡು ಮೂರು ಇಂಚು ಜಾಸ್ತಿ ಅಗಲದ್ದು ತೆಗೆದುಕೊಳ್ಳಿ. ಗಾಡಿ ಓಡುವಾಗ ಕೆಳಗಿನ ಪಟ್ಟಿ ಕಟಕಟ ಬಡಿಯುತ್ತದೆ, ಅದಕ್ಕೊಂದು ಕ್ಲಿಪ್ ಬೇಕೇ ಬೇಕು.

ದೊಡ್ಡ ಕೆಲಸ ಸಿಕ್ಕಿದ್ದು ಹಳೇದನ್ನು ಕಿತ್ತಾಗ. ಹಾಸಿಗೆ ಪಕ್ಕದ ವ್ಯಾಲೆನ್ಸ್ ಹಿಂದೆ ಗೋಡೆ ಮೇಲೆ ಚಹಾ ಬಣ್ಣದ ಕಲೆ. ಬೆರಳಲ್ಲಿ ಒತ್ತಿದೆ. ಪ್ಲೈವುಡ್ ನೆನೆದ ಅವಲಕ್ಕಿಯ ಹಾಗೆ ಒಳಕ್ಕೆ ಹೋಯಿತು. ಹೊರಗೆ ಕಿಟಕಿಯ ಸೀಲ್ ಬಿಟ್ಟು, ಎಷ್ಟು ಮಳೆಗಾಲದ ನೀರು ಇಳಿದಿತ್ತೋ! ಕಿಟಕಿ ಇಳಿಸಿ, ಹಳೇ ಅಂಟು ಕೆರೆದು, ನೀರು ತಡೆಯುವ ಹೊಸ ಬ್ಯುಟೈಲ್ ಅಂಟುಪಟ್ಟಿ ಹಾಕಿ, ಮೆತ್ತಗಾದ ತುಂಡು ಬದಲಿಸಿ ಕೂರಿಸುವಷ್ಟರಲ್ಲಿ ಎರಡು ವಾರಾಂತ್ಯ ಹೋಯಿತು. ದಯವಿಟ್ಟು ಕಲೆ ಕಂಡರೆ ಸುಮ್ನೆ ಮೇಲೆ ಹೊಸದು ಮುಚ್ಚಬೇಡಿ. ಕಿಟಕಿಯ ಒಳಚೌಕಟ್ಟಿನ ಸ್ಕ್ರೂಗಳನ್ನೂ ಅವಸರದಲ್ಲಿ ಬಿಚ್ಚಬೇಡಿ, ಇಡೀ ಕಿಟಕಿಯನ್ನು ಹಿಡಿದಿರುವುದೇ ಅವು.

ಗೋಡೆ ಅಂದರೆ ತೆಳು ಪ್ಲೈವುಡ್, ಅದರ ಹಿಂದೆ ಫೋಮ್ ಅಷ್ಟೇ. ಭಾರ ತಡೆಯಲ್ಲ. ಹಾಗಾಗಿ ಹೊಸ ವ್ಯಾಲೆನ್ಸ್‌ಗೆ ಪಾಪ್ಲರ್ ಮರದ ಹಲಗೆಯಲ್ಲಿ ಹಗುರವಾದ ಚೌಕಟ್ಟು ಮಾಡಿದೆ. ಅಂಗಡಿಯಲ್ಲಿ 1x4 ಅನ್ನುವ ಹಲಗೆ ನಿಜಕ್ಕೂ ಮುಕ್ಕಾಲು ಇಂಚು ದಪ್ಪ, ಮೂರೂವರೆ ಇಂಚು ಅಗಲ. ಅಳತೆ ಹಾಕುವಾಗ ಇದು ನೆನಪಿರಲಿ.

ಅದರ ಮೇಲೆ ಅಮ್ಮ ಊರಿಂದ ಕಳಿಸಿದ್ದ ಗುಳೇದಗುಡ್ಡದ ಖಣ ಹೊದಿಸಿದೆವು. ಕುಂಕುಮ ಬಣ್ಣದ್ದು, ಹಸಿರು ಅಂಚು. ಬೆಳಗಿನ ಬಿಸಿಲು ತಾಗಿದಾಗ ಇಡೀ ಗಾಡಿ ನಮ್ಮನೆ ನಡುಮನೆಯ ಹಾಗೆ ಕಾಣುತ್ತದೆ. ಒಲೆ ಮೇಲಿನದು ಮಾತ್ರ ಒಗ್ಗರಣೆ ಹೊಗೆಗೆ ವರ್ಷದೊಳಗೆ ಜಿಡ್ಡು ಹಿಡಿಯಿತು. ಸ್ಟೇಪಲ್ ಕಿತ್ತು ವೆಲ್ಕ್ರೋ ಹಾಕಿದೆ, ಈಗ ಬಿಚ್ಚಿ ಒಗೆಯಬಹುದು. ಉಳಿದ ನಾಲ್ಕಕ್ಕೂ ಹಾಗೇ ಮಾಡುತ್ತಿದ್ದೇನೆ.