ಆರಡಿ ಮೂರಂಗುಲಕ್ಕೆ ಒಗ್ಗಿಸಿದ ಸೀಟು: ಬ್ರಾಕೆಟ್, ಬುಷ್, ಫೋಮ್

ನನ್ನ ಎತ್ತರ 6 ಅಡಿ 3 ಅಂಗುಲ, ಅಂದರೆ ಸುಮಾರು 190 ಸೆಂಟಿಮೀಟರ್. ಕಾರು ಸಾಮಾನ್ಯ ಹ್ಯಾಚ್‌ಬ್ಯಾಕ್. ಅದರ ಸ್ಟಿಯರಿಂಗನ್ನು ಮೇಲಕ್ಕೆ ಕೆಳಕ್ಕೆ ಹೊಂದಿಸಬಹುದೇ ಹೊರತು ಚಾಲಕನ ಕಡೆಗೆ ಎಳೆದುಕೊಳ್ಳಲು ಬರುವುದಿಲ್ಲ. ವಾರಕ್ಕೆ ನಾಲ್ಕು ದಿನ ಬೆಂಗಳೂರಿನ ಬನಶಂಕರಿಯಿಂದ ಮಾರತ್ತಹಳ್ಳಿಗೆ ಹೋಗಿ ಬರುತ್ತೇನೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎಡಗಾಲು ಕ್ಲಚ್ಚನ್ನು ಎಷ್ಟು ಸಲ ಒತ್ತಿರುತ್ತದೆ ಎಂಬುದನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಸೀಟನ್ನು ಕೊನೆಯ ಹಲ್ಲಿನವರೆಗೆ ಹಿಂದಕ್ಕೆ ಸರಿಸಿ, ಪೂರ್ತಿ ಕೆಳಕ್ಕೆ ಇಳಿಸಿದ ಮೇಲೂ ಮೊಣಕಾಲು ಸ್ಟಿಯರಿಂಗಿನ ಅಂಚಿಗೆ ತಾಗುತ್ತಿತ್ತು, ತೊಡೆಯ ಮುಂಭಾಗಕ್ಕೆ ಆಸರೆ ಇರಲಿಲ್ಲ, ದೊಡ್ಡ ಹಂಪು ಬಂದಾಗ ತಲೆ ಮೇಲ್ಛಾವಣಿಯ ಬಟ್ಟೆಯನ್ನು ಮುಟ್ಟುತ್ತಿತ್ತು. ಇದಕ್ಕೆ ಮೂರು ಬದಲಾವಣೆಗಳನ್ನು ಒಂದಾದ ಮೇಲೊಂದರಂತೆ ಮಾಡಿಸಿ, ಪ್ರತಿಯೊಂದನ್ನೂ ಮೂರು ವಾರ ಊರೊಳಗೆ ಓಡಿಸಿ, ಬಳಿಕ ಒಮ್ಮೆ ಮೈಸೂರಿನ ದಶಪಥದಲ್ಲಿ ಹೋಗಿ ಬಂದು ನೋಡಿದ್ದೇನೆ.

ಎಲ್ಲವನ್ನೂ ಒಂದೇ ಮಾನದಂಡದಲ್ಲಿ ಅಳೆಯಬೇಕೆಂದು ನಾಲ್ಕು ಪರೀಕ್ಷೆಗಳನ್ನು ಇಟ್ಟುಕೊಂಡೆ. ಬೆನ್ನು ಮತ್ತು ಭುಜ ಸೀಟಿಗೆ ಒರಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ತಲೆಗೂ ಛಾವಣಿಗೂ ನಡುವೆ ಒಂದು ಮುಷ್ಟಿ ಹಿಡಿಯಬೇಕು. ಬೆಲ್ಟು ಭುಜದ ನಡುಭಾಗದ ಮೇಲೆಯೇ ಹಾದು ಬರಬೇಕು. ನಾಲ್ಕನೆಯದನ್ನು ಮೊದಲು ನಾನು ಪಟ್ಟಿಯಲ್ಲಿ ಸೇರಿಸಿರಲಿಲ್ಲ. ಅದನ್ನು ಸೇರಿಸಿದ್ದು ಬ್ರಾಕೆಟ್ಟಿನ ಅನುಭವವಾದ ಮೇಲೆ.

ಕಾಲು ಉದ್ದವಿರುವವನಿಗೆ ಮೊದಲು ಹೊಳೆಯುವ ಪರಿಹಾರ ಸೀಟನ್ನು ಇನ್ನಷ್ಟು ಹಿಂದಕ್ಕೆ ಒಯ್ಯುವುದು. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಇದಕ್ಕೆ ಉಕ್ಕಿನ ಬ್ರಾಕೆಟ್ ಮಾಡಿಕೊಡುವವರು ಸಿಗುತ್ತಾರೆ. ನೆಲದಲ್ಲಿರುವ ನಾಲ್ಕು ಬೋಲ್ಟುಗಳ ಜಾಗಕ್ಕೆ ಬ್ರಾಕೆಟ್ಟನ್ನು ಬಿಗಿದು, ಸೀಟಿನ ರೈಲನ್ನು ಅದರ ಮೇಲೆ 50 ಮಿಲಿಮೀಟರ್ ಹಿಂದಕ್ಕೆ ಕೂರಿಸುತ್ತಾರೆ. ನನಗೆ ಕೂಲಿ ಸೇರಿ 3,800 ರೂಪಾಯಿ ಆಯಿತು. ಮೊದಲ ದಿನ ಮೊಣಕಾಲಿಗೆ ಸಿಕ್ಕ ಬಿಡುವಿನಿಂದ ಕಾರೇ ಬದಲಾದಂತೆ ಅನ್ನಿಸಿತು. ಮೂರನೆಯ ದಿನಕ್ಕೆ ಭುಜ ನೋಯತೊಡಗಿತು. ಕಾಲು ಹಿಂದೆ ಸರಿದಷ್ಟೇ ಕೈಯೂ ಹಿಂದೆ ಸರಿದಿತ್ತು, ಸ್ಟಿಯರಿಂಗು ಮಾತ್ರ ಇದ್ದಲ್ಲೇ ಇತ್ತು. ಕೈಗೆ ಎಟುಕಲೆಂದು ಬೆನ್ನೊರಗನ್ನು ನೆಟ್ಟಗೆ ಮಾಡಿದೆ. ನೆಟ್ಟಗಾದ ಬೆನ್ನು ತಲೆಯನ್ನು ಛಾವಣಿಗೆ ಮುಟ್ಟಿಸಿತು. ಬ್ರಾಕೆಟ್ಟಿನ ದಪ್ಪವೇ 10 ಮಿಲಿಮೀಟರ್ ಇದ್ದುದರಿಂದ ಸೀಟು ಅಷ್ಟು ಎತ್ತರಕ್ಕೂ ಏರಿತ್ತು. ಹೀಗೆ ಒಂದು ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದ ಬ್ರಾಕೆಟ್ಟು ಇನ್ನೆರಡರಲ್ಲಿ ಮೊದಲಿಗಿಂತ ಹಿಂದೆ ಬಿತ್ತು.

ಬೆಲ್ಟಿನ ಮಾತು ಇನ್ನೂ ಗಂಭೀರವಾದದ್ದು. ಬೆಲ್ಟಿನ ಮೇಲಿನ ಕೊಂಡಿ ಇರುವುದು ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬದಲ್ಲಿ, ಅದು ಸೀಟಿನ ಜೊತೆ ಸರಿಯುವುದಿಲ್ಲ. ಸೀಟು ಹಿಂದಕ್ಕೆ ಹೋದಾಗ ನನ್ನ ಭುಜ ಆ ಕೊಂಡಿಗಿಂತ ಹಿಂದಾಯಿತು. ಹಿಂದಿನಿಂದ ಬಂದು ಭುಜವನ್ನು ಅಪ್ಪಬೇಕಿದ್ದ ಬೆಲ್ಟು ಮುಂದಿನಿಂದ ಬಂದು ಭುಜದಿಂದ ಒಂದೆರಡು ಬೆರಳು ಎತ್ತರದಲ್ಲಿ ತೇಲುತ್ತಿತ್ತು. ಡಿಕ್ಕಿಯಾದರೆ ಅಷ್ಟು ದೂರ ದೇಹ ಮುನ್ನುಗ್ಗಿದ ಮೇಲೆಯೇ ಬೆಲ್ಟು ಹಿಡಿಯುವುದು. ಬಕಲ್ಲನ್ನು ಸೀಟಿಗೇ ಜೋಡಿಸಿರುವ ಕಾರುಗಳಲ್ಲಿ ಬೆಲ್ಟಿನ ಸೆಳೆತದ ಒಂದು ಪಾಲು ಸೀಟಿನ ಬೋಲ್ಟುಗಳ ಮೇಲೆಯೇ ಬೀಳುತ್ತದೆ, ಆ ಬೋಲ್ಟುಗಳಿಗೂ ನೆಲಕ್ಕೂ ನಡುವೆ ಯಾರೂ ಪರೀಕ್ಷಿಸದ ಒಂದು ಕಬ್ಬಿಣದ ತುಂಡನ್ನು ಸೇರಿಸಿದ್ದೇನೆ ಎಂಬ ಅರಿವು ದಶಪಥದಲ್ಲಿ ರಾಮನಗರ ದಾಟುವವರೆಗೂ ನನ್ನನ್ನು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಮ್ಮ, ಮಂಡ್ಯದಲ್ಲಿ ಕಾಫಿಗೆ ಇಳಿದಾಗ, ಬರುವಾಗ ತಾನು ರೈಲಿನಲ್ಲಿ ಬರುವುದಾಗಿ ಹೇಳಿದರು. ಬ್ರಾಕೆಟ್ಟನ್ನು ಆ ವಾರವೇ ಬಿಚ್ಚಿಸಿದೆ.

ಸೀಟನ್ನು ಬಿಟ್ಟು ಸ್ಟಿಯರಿಂಗನ್ನೇ ಚಾಲಕನ ಕಡೆಗೆ ತರಬಹುದಲ್ಲ ಎಂದು ಕೇಳಬಹುದು. ಸ್ಟಿಯರಿಂಗಿಗೂ ಅದರ ದಂಡಕ್ಕೂ ನಡುವೆ ಸ್ಪೇಸರ್, ಅಂದರೆ ಅಂತರ ಹೆಚ್ಚಿಸುವ ತುಂಡು, ಹಾಕುವ ಪದ್ಧತಿ ರೇಸಿನ ಕಾರುಗಳಲ್ಲಿದೆ. 2019ರ ಜುಲೈ 1ರಿಂದ ನಮ್ಮಲ್ಲಿ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿರುವುದರಿಂದ, ಆ ಏರ್‌ಬ್ಯಾಗಿಗೆ ವಿದ್ಯುತ್ ಕೊಡುವ ಸುರುಳಿ ತಂತಿಯನ್ನು ಕೆಣಕದೆ ಈ ಕೆಲಸ ಆಗದು. ಇದನ್ನು ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ವಾಹನದ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಬ್ರಾಕೆಟ್ಟನ್ನಾಗಲಿ, ಮುಂದೆ ಹೇಳುವ ಬುಷ್ಷನ್ನಾಗಲಿ ಯೋಚಿಸುವವರು ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯ ದಾರಿ, ಸೀಟಿನ ಮುಂದಿನ ಎರಡು ಬೋಲ್ಟುಗಳ ಕೆಳಗೆ ಬುಷ್, ಅಂದರೆ ಬೋಲ್ಟು ತೂರಿಹೋಗುವ ದಪ್ಪ ಬಳೆ, ಕೊಟ್ಟು ಮುಂಭಾಗವನ್ನಷ್ಟೇ ಎತ್ತುವುದು. ತೊಡೆ ಸೀಟಿನಿಂದ ಎದ್ದು ನಿಂತಿದ್ದರೆ ಕಾಲಿನ ಭಾರವನ್ನೆಲ್ಲ ಹಿಮ್ಮಡಿ ಮತ್ತು ಪೃಷ್ಠಗಳೇ ಹೊರಬೇಕಾಗುತ್ತದೆ, ನೋವಿನ ಮೂಲ ಅದು. ಕಾಲಿಗೆ ಜಾಗ ಕಡಿಮೆ ಎಂದು ನಾವು ದೂರುವುದು ಎಷ್ಟೋ ಸಲ ತೊಡೆಗೆ ಆಸರೆ ಕಡಿಮೆ ಎಂಬ ದೂರೇ ಆಗಿರುತ್ತದೆ. ನನ್ನ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಬೋಲ್ಟುಗಳ ಅಂತರ ಸುಮಾರು 40 ಸೆಂಟಿಮೀಟರ್, ಆದ್ದರಿಂದ 15 ಮಿಲಿಮೀಟರಿನ ಬುಷ್ ಸೀಟನ್ನು ಸುಮಾರು 2 ಡಿಗ್ರಿ ಓರೆ ಮಾಡುತ್ತದೆ. ಕೇಳಲು ಅಲ್ಪ, ಕೂತಾಗ ಅಲ್ಪವಲ್ಲ. ಲೇತಿನಲ್ಲಿ ಕೊರೆದ ಉಕ್ಕಿನ ಗಟ್ಟಿ ಬುಷ್ಷೇ ಬೇಕು, ವಾಷರುಗಳನ್ನು ಒಂದರ ಮೇಲೊಂದು ಪೇರಿಸಬಾರದು. ಬುಷ್ಷಿನಿಂದಾಗಿ ಉದ್ದದ ಬೋಲ್ಟು ಬೇಕಾಗುತ್ತದೆ, ಅದರ ಬಲ ಹಳೆಯದಕ್ಕಿಂತ ಕಡಿಮೆಯಾಗದಂತೆ ಬೋಲ್ಟಿನ ತಲೆಯ ಮೇಲೆ ಕೊರೆದಿರುವ ಬಲದ ಅಂಕಿಯನ್ನು ನೋಡಿ ಕೊಳ್ಳಬೇಕು; ನನ್ನದರಲ್ಲಿ 10.9 ಎಂದಿತ್ತು, ಎಸ್.ಜೆ.ಪಿ. ರಸ್ತೆಯಲ್ಲಿ ಅದೇ ಅಂಕಿಯದು ಸಿಕ್ಕಿತು. ಮೊದಲ ಸಲ ಮಾಡಿಸಿದ ಎರಡು ಬುಷ್ಷುಗಳ ನಡುವೆ ಒಂದು ಮಿಲಿಮೀಟರಿನ ವ್ಯತ್ಯಾಸವಿದ್ದುದರಿಂದ ಎರಡು ರೈಲುಗಳು ಸಮನಾಗಿ ಕೂರದೆ ಸೀಟು ಅರ್ಧ ದಾರಿಯಲ್ಲೇ ಕಚ್ಚಿಕೊಂಡಿತು. ಎರಡನೆಯ ಸಲ ಲೇತಿನವರು ಬುಷ್ಷಿನ ಮುಖವನ್ನೂ ಅದೇ 2 ಡಿಗ್ರಿಗೆ ಓರೆಯಾಗಿ ಕೊರೆದು, ಹಿಂದಿನ ಬೋಲ್ಟುಗಳಿಗೂ ಓರೆ ವಾಷರ್ ಮಾಡಿಕೊಟ್ಟ ಮೇಲೆ ಸರಿಹೋಯಿತು. ಎಲ್ಲ ಸೇರಿ 650 ರೂಪಾಯಿ. ಸೀಟು ಬಿಚ್ಚುವ ಮೊದಲು ಬ್ಯಾಟರಿಯ ತಂತಿಯನ್ನು ತೆಗೆದು ಕೆಲವು ನಿಮಿಷ ಕಾಯಲೇಬೇಕು, ಸೀಟಿನಡಿಯ ಹಳದಿ ಕನೆಕ್ಟರುಗಳು ಏರ್‌ಬ್ಯಾಗು ಮತ್ತು ಬೆಲ್ಟಿನ ವ್ಯವಸ್ಥೆಗೆ ಸೇರಿದವು.

ದಶಪಥದಲ್ಲಿ ಬುಷ್ ಹೊಳೆಯಿತು. ಕ್ಲಚ್ ಮುಟ್ಟದೆ ಗಂಟೆಗಟ್ಟಲೆ ಹೋಗುವಾಗ ತೊಡೆಗೆ ಸಿಕ್ಕ ಆನಿಕೆಯಿಂದ ಮೈಸೂರಿನಲ್ಲಿ ಇಳಿದಾಗ ಸೊಂಟ ಹಿಡಿದಿರಲಿಲ್ಲ. ಊರೊಳಗೆ ಅಷ್ಟು ಮೆಚ್ಚುಗೆಯಾಗಲಿಲ್ಲ. ಕ್ಲಚ್ಚನ್ನು ಕೊನೆಯವರೆಗೆ ಒತ್ತಲು ಹೋದಾಗಲೆಲ್ಲ ಸೀಟಿನ ಎತ್ತರಿಸಿದ ಅಂಚು ಎಡತೊಡೆಯ ಅಡಿಗೆ ಒತ್ತುತ್ತಿತ್ತು. ತಲೆಯ ಸಮಸ್ಯೆಗೆ ಅದರಿಂದ ಏನೂ ಆಗಲಿಲ್ಲ.

ಆಗ ಕುಶನ್ ಕೆಲಸದವರ ಬಳಿ ಹೋದೆ. ಅವರು ಹೇಳಿದ್ದನ್ನು ನಾನು ಮೊದಲೇ ಯೋಚಿಸಬೇಕಿತ್ತು: "ಮುಂದೆ ಎತ್ತೋದೂ ಹಿಂದೆ ಇಳಿಸೋದೂ ಒಂದೇ ಓರೆ ಸಾರ್, ಆದ್ರೆ ಹಿಂದೆ ಇಳಿಸಿದ್ರೆ ನಿಮ್ಮ ತಲೆನೂ ಇಳಿಯುತ್ತೆ." ನನ್ನನ್ನು ಸೀಟಿನ ಮೇಲೆ ಕೂರಿಸಿ, ಭಾರ ಬೀಳುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೊದಿಕೆ ಬಿಚ್ಚಿ, ಹಿಂಭಾಗದಲ್ಲಿ 25 ಮಿಲಿಮೀಟರ್ ಫೋಮನ್ನು ಕತ್ತರಿಸಿ, ಮುಂದಕ್ಕೆ ಬಂದಂತೆ ಶೂನ್ಯಕ್ಕೆ ಇಳಿಸಿದರು. ಮುಂದಿನ ಅಂಚನ್ನು ಮುಟ್ಟಬೇಡಿ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ, ಏಕೆಂದರೆ ಡಿಕ್ಕಿಯ ಹೊತ್ತಿನಲ್ಲಿ ದೇಹ ಬೆಲ್ಟಿನಡಿಯಿಂದ ಮುಂದಕ್ಕೆ ಜಾರದಂತೆ ತಡೆಯುವುದರಲ್ಲಿ ಆ ಏರಿನ ಪಾಲೂ ಇದೆ. ಖರ್ಚು 2,200 ರೂಪಾಯಿ, ಸಮಯ ಅರ್ಧ ದಿನ.

ನಾಲ್ಕು ಪರೀಕ್ಷೆಗಳಲ್ಲೂ ಸುಧಾರಣೆ ತೋರಿಸಿದ್ದು ಇದೊಂದೇ. ತಲೆ ಹೆಚ್ಚುಕಡಿಮೆ 20 ಮಿಲಿಮೀಟರ್ ಕೆಳಗಿಳಿದು ಮುಷ್ಟಿ ಹಿಡಿಯುವಂತಾಯಿತು. ಛಾವಣಿಯ ಭಯ ಹೋದ ಮೇಲೆ ಬೆನ್ನೊರಗನ್ನು ಎರಡು ಹಲ್ಲು ನೆಟ್ಟಗೆ ಮಾಡಿಕೊಂಡೆ, ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ಬಂತು. ನಿರೀಕ್ಷಿಸದೆ ಸಿಕ್ಕ ಲಾಭಗಳೂ ಇವೆ. ಸಿಗ್ನಲ್ಲಿನಲ್ಲಿ ಮೊದಲ ಸಾಲಿನಲ್ಲಿ ನಿಂತಾಗ ದೀಪ ನೋಡಲು ಕತ್ತು ಬಗ್ಗಿಸಬೇಕಿತ್ತು, ಈಗ ಬೇಕಾಗಿಲ್ಲ. ಒಳಗನ್ನಡಿ ಮೊದಲು ನನ್ನ ಕಣ್ಣಿನ ಮಟ್ಟದಲ್ಲೇ ಇದ್ದು ಎಡಮುಂದಿನಿಂದ ನುಗ್ಗುವ ಸ್ಕೂಟರುಗಳನ್ನು ಮರೆ ಮಾಡುತ್ತಿತ್ತು, ಈಗ ನೋಟ ಅದರ ಕೆಳಗಿನಿಂದ ಹಾದುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಬೆನ್ನೊರಗಿಗೆ ಹೋಲಿಸಿ ಕೆಳಗಿಳಿದುದರಿಂದ ಪೂರ್ತಿ ಎತ್ತಿದ ಹೆಡ್‌ರೆಸ್ಟು ಈಗ ಕುತ್ತಿಗೆಯ ಬದಲು ತಲೆಯ ಹಿಂಭಾಗಕ್ಕೆ ಬರುತ್ತದೆ. ಬ್ರಾಕೆಟ್ಟಾಗಲಿ ಬುಷ್ಷಾಗಲಿ ಇಡೀ ಸೀಟನ್ನೇ ಸರಿಸುವುದರಿಂದ ಈ ಹೊಂದಾಣಿಕೆಯನ್ನು ಕೊಡಲಾರವು.

ಫೋಮಿಗೆ ಅದರದೇ ಕೊರತೆಗಳಿವೆ. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ, ಬುಷ್ಷನ್ನಾದರೋ ಅರ್ಧ ಗಂಟೆಯಲ್ಲಿ ತೆಗೆದಿಡಬಹುದು. ಫೋಮು ತೆಳುವಾದ ಕಡೆ ಹಂಪಿನ ಪೆಟ್ಟು ಮೊದಲಿಗಿಂತ ಹೆಚ್ಚು ತಿಳಿಯುತ್ತದೆ. ಇನ್ನೂ ಆಳಕ್ಕೆ ಕತ್ತರಿಸಿದ್ದರೆ ಕೆಳಗಿನ ಕಂಬಿಗಳು ಒತ್ತುತ್ತಿದ್ದವು. ಮೇಲಾಗಿ ಇದು ಎಲ್ಲ ಎತ್ತರದವರಿಗೂ ಒಂದೇ ಫಲ ಕೊಡುವುದಿಲ್ಲ. ನನ್ನ ಚಿಕ್ಕಪ್ಪನ ಮಗ ನನ್ನಷ್ಟೇ ಎತ್ತರ, ಆದರೆ ಅವನ ಎತ್ತರವೆಲ್ಲ ಕಾಲಿನಲ್ಲಿದೆ. ಅವನು ಕೂತರೆ ತಲೆಯ ಮೇಲೆ ಬೇಕಾದಷ್ಟು ಜಾಗ. ನನ್ನ ಕತ್ತರಿಸಿದ ಸೀಟು ಅವನಿಗೆ ಹಳ್ಳದಂತೆ ಕಂಡಿತು, ಅವನು ಬುಷ್ಷಿನ ಪಕ್ಷ. ಅಳತೆ ಹಿಡಿಯುವುದಾದರೆ ನಿಂತ ಎತ್ತರವನ್ನಲ್ಲ, ಗೋಡೆಗೆ ಒರಗಿ ಕೂತಾಗಿನ ಎತ್ತರವನ್ನು ಹಿಡಿಯಬೇಕು.

ಕಾರಿನ ಅಂಗಡಿಗಳಲ್ಲಿ ಮಾರುವ ಬೆನ್ನಿನ ದಿಂಬುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಕೊಂಡದ್ದು ನನ್ನನ್ನು ಸ್ಟಿಯರಿಂಗಿನ ಕಡೆಗೆ ತಳ್ಳಿತು, ಎತ್ತರದವನಿಗೆ ಅದು ತದ್ವಿರುದ್ಧವಾದ ಚಿಕಿತ್ಸೆ.

ಸದ್ಯಕ್ಕೆ ಕಾರಿನಲ್ಲಿ ಉಳಿದಿರುವುದು ಕತ್ತರಿಸಿದ ಫೋಮ್ ಮಾತ್ರ. ಹೊಸ ಬುಷ್ಷುಗಳನ್ನು 8 ಮಿಲಿಮೀಟರಿಗೆ ಇಳಿಸಿ ಅದರ ಜೊತೆಗೆ ಹಾಕಿಸಬೇಕೆಂದು ಮನಸ್ಸಿನಲ್ಲಿತ್ತು, ಆದರೆ ಫೋಮಿನ ಓರೆಯೇ ತೊಡೆಗೆ ಸಾಕಷ್ಟು ಆನಿಕೆ ಕೊಟ್ಟಿರುವಾಗ ಬೋಲ್ಟುಗಳನ್ನು ಮತ್ತೆ ಬಿಚ್ಚಲು ಕಾರಣ ಕಾಣಲಿಲ್ಲ. ಉಳಿದ ತೊಡಕು ಒಂದೇ. ಶನಿವಾರ ಭಾನುವಾರ ಕಾರು ಓಡಿಸುವುದು ನನ್ನ ಹೆಂಡತಿ, ಅವಳ ಎತ್ತರ 5 ಅಡಿ 2 ಅಂಗುಲ, ಸೀಟನ್ನು ಪೂರ್ತಿ ಎತ್ತಿದರೂ ಹಿಂದಕ್ಕೆ ಜಾರಿದಂತಾಗುತ್ತದೆ ಎಂದಳು. ಕುಶನ್ ಕೆಲಸದವರು ಕತ್ತರಿಸಿದ ತುಂಡನ್ನು ಎಸೆದಿರಲಿಲ್ಲ. ಅದಕ್ಕೆ ರೆಕ್ಸಿನ್ ಹೊಲಿದು, ಅಡಿಯಲ್ಲಿ ವೆಲ್ಕ್ರೋ ಪಟ್ಟಿ ಹಚ್ಚಿ ಕೊಟ್ಟಿದ್ದಾರೆ. ಶುಕ್ರವಾರ ರಾತ್ರಿ ಅದನ್ನು ಡಿಕ್ಕಿಯಿಂದ ತೆಗೆದು ಹಳ್ಳದೊಳಗೆ ಕೂರಿಸಿ ಒತ್ತಿದರೆ, ಸೀಟು ಕಾರ್ಖಾನೆಯಿಂದ ಬಂದಾಗ ಇದ್ದಂತೆಯೇ ಆಗುತ್ತದೆ.